ಒಂದು ಬಡಿತದ ವ್ಯತ್ಯಾಸ

ತಕ್ಕಡಿ ಯಾವತ್ತೂ ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳುವವನು ತಕ್ಕಡಿಯ ಹಿಂದೆ ನಿಂತವನು. ಈ ಮಾತನ್ನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಅಂಗಡಿಯವರಿಗೆ ಹೇಳಿದರೆ ಅದು ಕೆಲಸ. ಊಟಕ್ಕೆ ಕೂತಾಗ ಹೆಂಡತಿಗೂ ಹೇಳುತ್ತಿದ್ದರಲ್ಲ, ಅದು ಚಟ. ಕಿಲೋಗೆ ಐದೇ ಐದು ಗ್ರಾಂ ತಪ್ಪು ತೋರಿಸಿದ ಒಂದು ತಕ್ಕಡಿಯನ್ನು ಅವರು ಜಪ್ತಿ ಮಾಡಿಕೊಂಡು ಹೋದ ದಿನದಿಂದ ಪೇಟೆ ಬೀದಿಯವರು ಅವರಿಗೆ ಗ್ರಾಂ ಸಾಹೇಬರು ಎಂದು ಹೆಸರಿಟ್ಟಿದ್ದರು. ಹೆಸರು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಹಿಗ್ಗಿದ್ದರು. ಅವರ ಹೊಟ್ಟೆಯನ್ನು ನೋಡಿ ಕಿಲೋ ಸಾಹೇಬರು ಎಂದಿದ್ದರೆ ಮಾತ್ರ ಬೇಜಾರಾಗುತ್ತಿತ್ತು.

ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಒಂದು ಮರದ ಪೆಟ್ಟಿಗೆಯಿತ್ತು. ಅದರೊಳಗೆ ನೀಲಿ ಮಕಮಲ್ಲಿನ ಗುಳಿಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತಿದ್ದವು. ಊರಿನ ಅಷ್ಟೂ ತಕ್ಕಡಿಗಳ ಸತ್ಯ ಸುಳ್ಳು ತೀರ್ಮಾನವಾಗುತ್ತಿದ್ದದ್ದು ಅವುಗಳ ಎದುರು. ಬೀರುವಿನ ಬೀಗದ ಕೈ ಸಾಹೇಬರ ಅಂಗಿ ಜೇಬಿನಲ್ಲೇ ಇರುತ್ತಿತ್ತು. ದಾಖಲೆಯ ಪ್ರಕಾರ ಅವರಿಗೆ ಐವತ್ತಾರು, ಅವರ ಇಲಾಖೆಯಲ್ಲಿ ನಿವೃತ್ತಿ ಐವತ್ತೆಂಟಕ್ಕೆ. ಇನ್ನೆರಡು ವರ್ಷ ಆ ಬೀಗದ ಕೈ ತಮ್ಮದೇ ಎಂಬ ಧೈರ್ಯದ ಮೇಲೆ ಅವರ ಇಡೀ ಜೀವ ನಿಂತಿತ್ತು. ಆಮೇಲೆ ತಾವು ಯಾರು ಎಂದು ಯೋಚಿಸಿದರೆ ಅವರಿಗೆ ಭಯವಾಗುತ್ತಿತ್ತು. ಆದ್ದರಿಂದ ಯೋಚಿಸುತ್ತಿರಲಿಲ್ಲ.

ಹೀಗಿರುವಾಗ ಇಲಾಖೆಯ ವಾರ್ಷಿಕ ತಪಾಸಣೆಗೆ ಬಂದ ಡಾಕ್ಟರು ಸಾಹೇಬರ ಹೊಟ್ಟೆಯ ಮೇಲೆ ಟೇಪು ಹಿಡಿದು, ಟೇಪು ಸಾಲದೆ ಅದನ್ನು ಸುತ್ತಿ ಜೇಬಿಗಿಟ್ಟು, ದಿನಾ ಬೆಳಿಗ್ಗೆ ಅರ್ಧ ಗಂಟೆ ಜೋರಾಗಿ ನಡೆಯಬೇಕು ಎಂದರು. ಜೋರು ಅಂದರೆ ಎಷ್ಟು ಎಂದು ಸಾಹೇಬರು ಕೇಳಿದರು. ಅವರ ವೃತ್ತಿಗೆ ತಕ್ಕ ಪ್ರಶ್ನೆ. ನಡೆಯುವಾಗ ಮಾತಾಡುವುದಕ್ಕೆ ಆಗಬೇಕು, ಹಾಡುವುದಕ್ಕೆ ಆಗಬಾರದು, ಅಷ್ಟು ಸಾಕು ಎಂದರು ಡಾಕ್ಟರು.

ಜೊತೆಗೆ ಬಂದಿದ್ದ ಹೆಂಡತಿ ಕೇಳಿದರು: "ಇವರಿಗೆ ಕೂತಿದ್ದಾಗಲೂ ಹಾಡೋಕೆ ಬರಲ್ಲ ಡಾಕ್ಟ್ರೇ, ಹೇಗೆ ಗೊತ್ತಾಗೋದು?"

ಸಾಹೇಬರಿಗೆ ಇದು ಅವಮಾನ ಎನಿಸಿತು. ಹೆಂಡತಿಯ ಮಾತಲ್ಲ, ಅದು ಅಭ್ಯಾಸವಾಗಿತ್ತು. ಡಾಕ್ಟರಾದವರು ನಾಲಿಗೆಯನ್ನು ಅಳತೆಗೋಲು ಮಾಡಿದ್ದು. ನಾಲಿಗೆಗೆ ಯಾವ ಇಲಾಖೆ ಮುದ್ರೆ ಒತ್ತಿದೆ?

ಅವರ ಹೆಂಡತಿಯ ತಮ್ಮ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ. ಬಾವನ ಸಂಕಟ ಕೇಳಿ ಅವನು ಅಂಗಡಿಯಿಂದ ಒಂದು ಕೈಗಡಿಯಾರ ತಂದು ಕಟ್ಟಿದ. ಅದು ಗಂಟೆ ತೋರಿಸುವುದರ ಜೊತೆಗೆ ಎದೆಬಡಿತವನ್ನೂ ಎಣಿಸುತ್ತಿತ್ತು. ಅಷ್ಟಕ್ಕೆ ಬಿಡದೆ, ಎಣಿಸಿದ್ದನ್ನು ಹೆಣ್ಣುದನಿಯಲ್ಲಿ ಸ್ಪಷ್ಟ ಕನ್ನಡದಲ್ಲಿ ಹೇಳುತ್ತಲೂ ಇತ್ತು. ಲೆಕ್ಕ ಸುಲಭ ಎಂದು ಬಾಮೈದ ಕೂತು ವಿವರಿಸಿದ. ಇನ್ನೂರ ಇಪ್ಪತ್ತರಲ್ಲಿ ವಯಸ್ಸನ್ನು ಕಳೆಯಬೇಕು. ಉಳಿದದ್ದು ನಿಮಿಷಕ್ಕೆ ಹೃದಯ ಬಡಿಯಬಹುದಾದ ಹೆಚ್ಚಿನ ಲೆಕ್ಕ. ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಮುಟ್ಟಿದರೆ ಅದು ಶ್ರಮದ ವ್ಯಾಯಾಮ, ಮುಟ್ಟದಿದ್ದರೆ ಬರೀ ಹಗುರದ್ದು. ಇದೆಲ್ಲ ಒಂದು ಅಂದಾಜು, ಬಾವ, ಒಬ್ಬೊಬ್ಬರಿಗೆ ಒಂದೊಂದು ಥರ, ಎಂದು ಕೊನೆಗೆ ಒಂದು ಮಾತು ಸೇರಿಸಿದ. ಅಂದಾಜು ಎಂಬ ಪದ ಸಾಹೇಬರ ಕಿವಿಯೊಳಗೆ ಹೋಗುವ ಹಾಗೇ ಇರಲಿಲ್ಲ, ಹೋಗಲಿಲ್ಲ.

ಐವತ್ತಾರು ಕಳೆದರೆ ನೂರ ಅರವತ್ನಾಲ್ಕು. ಅದರ ಎಪ್ಪತ್ತು ಪಾಲು ನೂರ ಹದಿನಾಲ್ಕು ದಾಟಿ ಎಂಟು ದಶಾಂಶ. ಅಂದರೆ ನೂರ ಹದಿನೈದು ಮುಟ್ಟಲೇಬೇಕು. ಸಾಹೇಬರು ಇದನ್ನು ಚೀಟಿಯಲ್ಲಿ ಬರೆದು, ಸಹಿ ಹಾಕಿ, ತಾರೀಖು ನಮೂದಿಸಿ ಜೇಬಿಗಿಟ್ಟುಕೊಂಡರು.

ಮರುದಿನದಿಂದ ಪಾರ್ಕಿನಲ್ಲಿ ಬೆಳಗಿನ ಶಾಂತಿ ಹೋಯಿತು. ಮೊದಲ ದಿನ ವಾಚು ತೊಂಬತ್ತೆಂಟು ಹೇಳಿತು, ಹಗುರ ವ್ಯಾಯಾಮ ಎಂದಿತು. ಎರಡನೇ ದಿನ ಸಾಹೇಬರು ಕೈ ಬೀಸಿದರು, ನೂರ ನಾಲ್ಕು. ಮೂರನೇ ದಿನ ಕೈಯನ್ನು ಎಷ್ಟು ಬೀಸಿದರೆಂದರೆ ಎದುರು ಬರುತ್ತಿದ್ದ ಮುದುಕರೊಬ್ಬರು ತಮ್ಮನ್ನು ಕರೆಯುತ್ತಿದ್ದಾರೆ ಎಂದುಕೊಂಡು ನಿಂತು, ಬೈಸಿಕೊಂಡು ಹೋದರು. ಐದನೇ ದಿನ ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ಕಣ್ಣಿಗೆ ಕತ್ತಲೆ ಬರುವ ಹೊತ್ತಿಗೆ ಆ ಹೆಣ್ಣುದನಿ ತಣ್ಣಗೆ, "ನೂರ ಹದಿನಾಲ್ಕು. ಹಗುರ ವ್ಯಾಯಾಮ," ಎಂದಿತು.

ಒಂದು ಬಡಿತ ಕಮ್ಮಿ. ಸಾಹೇಬರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಸಿದರು. ಒಂದು ಬಡಿತ ತಾನೆ, ಬಿಡಿ ಎಂದು ಬಾಮೈದ ಸಂಜೆ ಬಂದಾಗ ಸಮಾಧಾನ ಹೇಳಿದ.

"ಒಂದು ಗ್ರಾಂ ತಾನೆ ಬಿಡಿ ಅನ್ನೋರನ್ನ ಮೂವತ್ತು ವರ್ಷದಿಂದ ನೋಡ್ತಿದೀನಿ," ಎಂದರು ಸಾಹೇಬರು. "ಯಾರನ್ನೂ ಬಿಟ್ಟಿಲ್ಲ."

ಬಿಡದವರಿಗೆ ನಿದ್ದೆ ಬರುತ್ತದೆಯೇ? ಹೊರಳಾಡಿ ಹೊರಳಾಡಿ ಬೆಳಗಿನ ಹೊತ್ತಿಗೆ ಅವರಿಗೆ ಒಂದು ಸಂಗತಿ ಹೊಳೆಯಿತು. ದಾಖಲೆಯ ಐವತ್ತಾರು ನಿಜವಾದ ಐವತ್ತಾರಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ವಯಸ್ಸನ್ನು ಒಂದೋ ಎರಡೋ ವರ್ಷ ಇಳಿಸಿ ಬರೆದಿದ್ದರು ಎಂದು ಮನೆಯಲ್ಲಿ ಎಂದೋ ಕೇಳಿದ ನೆನಪು. ಅದು ಯಾರೂ ಮಾಡದ ಕೆಲಸವೇನಲ್ಲ. ಅವರ ಕಾಲದ ಅರ್ಧ ಜನ ದಾಖಲೆಯಲ್ಲಿ ಹುಟ್ಟಿದ್ದು ಹುಟ್ಟಿ ಎಷ್ಟೋ ದಿನವಾದ ಮೇಲೆ. ಸಾಹೇಬರು ಎದ್ದು ಕೂತು ಲೆಕ್ಕ ಹಾಕಿದರು. ವಯಸ್ಸು ಐವತ್ತೇಳಾದರೆ ಮುಟ್ಟಬೇಕಾದ್ದು ನೂರ ಹದಿನಾಲ್ಕು ದಾಟಿ ಒಂದು ದಶಾಂಶ. ಆಗಲೂ ಫೇಲು. ಐವತ್ತೆಂಟಾದರೆ ನೂರ ಹದಿಮೂರು ದಾಟಿ ನಾಲ್ಕು. ಆಗ ನಿನ್ನೆಯ ನೂರ ಹದಿನಾಲ್ಕು ಪಾಸು.

ಒಂದೋ, ಎರಡೋ? ಇದನ್ನು ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು, ಅವರ ಅಕ್ಕ. ಅಕ್ಕನಿಗೆ ಕಿವಿ ಮಂದ.

ವಿಧಿ ಎನ್ನುವುದು ಇಂಥ ಸಣ್ಣ ಸಂಗತಿಗಳನ್ನೇ ಹುಡುಕಿ ಪೋಣಿಸುತ್ತದೆ. ಸಾಹೇಬರಿಗೆ ಮನೆಯಿಂದ ಫೋನ್ ಮಾಡಬಹುದಿತ್ತು. ಆದರೆ ನಡಿಗೆಯ ಹೊತ್ತು ತಪ್ಪಬಾರದು. ಹಾಗಾಗಿ ಪಾರ್ಕಿಗೇ ಹೋಗಿ, ಜೋರಾಗಿ ನಡೆಯುತ್ತ, ಒಂದು ಕೈ ಬೀಸುತ್ತ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, ಅದನ್ನು ಕಿವಿಗಿಟ್ಟರೆ ಬೀಸಾಟ ಕೆಡುತ್ತದೆ ಎಂದು ಸ್ಪೀಕರ್ ಹಾಕಿ ಅಕ್ಕನನ್ನು ಕರೆದರು. ಕ್ಷೇಮ ಸಮಾಚಾರವೆಲ್ಲ ಏದುಸಿರಿನಲ್ಲೇ ಮುಗಿಯಿತು. ಮುಖ್ಯ ಪ್ರಶ್ನೆಯನ್ನು ಅಕ್ಕ ಮೂರು ಸಲ ಏನೆಂದು ಕೇಳಿದರು. ನಾಲ್ಕನೇ ಸಲಕ್ಕೆ ಸಾಹೇಬರು ನಿಂತು, ಎದೆ ತುಂಬ ಉಸಿರೆಳೆದುಕೊಂಡು, ಮರದ ಮೇಲಿನ ಹಕ್ಕಿಗಳು ಏಳುವ ಹಾಗೆ ಕೂಗಿದರು:

"ಅಕ್ಕಾ, ನಂಗೆ ನಿಜವಾಗಿ ಎಷ್ಟು ವಯಸ್ಸು?"

ಕಿವಿ ಮಂದವಾದವರು ತಾವೂ ಮೆಲ್ಲಗೆ ಮಾತಾಡುವುದಿಲ್ಲ. "ಹೋದ ತಿಂಗಳಿಗೆ ಐವತ್ತೆಂಟು ತುಂಬಿತಲ್ಲೋ," ಎಂದರು ಅಕ್ಕ ಇಡೀ ಪಾರ್ಕಿಗೆ. "ಹೆಡ್‌ಮಾಸ್ಟ್ರು ಎರಡು ವರ್ಷ ಕಮ್ಮಿ ಬರೆದ್ರು. ಅಪ್ಪ ಬೇಡ ಅಂದ್ರೂ ಕೇಳ್ಲಿಲ್ಲ. ಮುಂದೆ ಸರ್ಕಾರಿ ಕೆಲಸ ಸಿಕ್ಕಿದ್ರೆ ಎರಡು ವರ್ಷ ಲಾಭ ಅಂದ್ರು. ಏನೋ, ಲಾಭ ಬಂತಾ?"

ಸಾಹೇಬರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಎರಡು ವರ್ಷ. ನಿನ್ನೆಯೇ ಪಾಸಾಗಿದ್ದರು. ಅಲ್ಲೇ ನಿಂತು ವಾಚಿನಲ್ಲಿ ಐವತ್ತಾರನ್ನು ಅಳಿಸಿ ಸರಿಯಾದ ಅಂಕಿ ಒತ್ತಿದರು. "ವಯಸ್ಸು ಐವತ್ತೆಂಟು. ದಾಖಲಾಗಿದೆ," ಎಂದಿತು ಹೆಣ್ಣುದನಿ.

ತಲೆಯೆತ್ತಿ ನೋಡಿದರೆ ಎದುರಿನ ಕಲ್ಲುಬೆಂಚಿನ ಮೇಲೆ ದಿನಸಿ ಅಂಗಡಿಯವನು ಕೂತಿದ್ದ. ಐದು ಗ್ರಾಂ ತಪ್ಪಿಗೆ ತಕ್ಕಡಿ ಕಳೆದುಕೊಂಡು, ಹದಿನೈದು ದಿನ ಅಂಗಡಿ ಬಾಗಿಲು ಹಾಕಿದ್ದ ಅದೇ ಮನುಷ್ಯ. ಅವನು ಎದ್ದು ನಿಂತು, ಬಹಳ ವಿನಯದಿಂದ ನಮಸ್ಕಾರ ಮಾಡಿ, ಅಂಗಡಿ ಕಡೆ ಹೊರಟ. ಅವನು ಅಷ್ಟು ಜೋರಾಗಿ ನಡೆದದ್ದನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಮಾತು ಹೋದದ್ದು ನೇರ ದಿನಸಿ ಅಂಗಡಿಯ ಕಟ್ಟೆಗೆ. ಅಲ್ಲಿ ಬೇಳೆ ಕೊಂಡವರಿಗೆಲ್ಲ ಅದನ್ನು ಕೊಸರಾಗಿ ಕೊಡಲಾಯಿತು. ಬೆಳಿಗ್ಗೆ ಹತ್ತಕ್ಕೆ ಸಾಹೇಬರು ಐವತ್ತೆಂಟಾಗಿದ್ದರು. ಮಧ್ಯಾಹ್ನ ಎದುರು ಮನೆಯ ನಿವೃತ್ತ ಡ್ರಿಲ್ ಮಾಸ್ತರು, ಒಂದು ಸಲ ಸುಳ್ಳು ಹೇಳಿದವನು ಎರಡೇ ವರ್ಷಕ್ಕೆ ನಿಲ್ಲಿಸಿರುತ್ತಾನೆಯೇ ಎಂದು ಪ್ರಶ್ನೆ ಎತ್ತಿದ ಮೇಲೆ ಅರವತ್ತಾದರು. ಸಂಜೆ ಬೀದಿಯ ದರ್ಜಿ ತನ್ನ ಹಳೇ ಅಳತೆ ಪುಸ್ತಕ ತೆಗೆದು, ಅವರ ಮದುವೆ ಕೋಟಿನ ಸೊಂಟದ ಸುತ್ತಳತೆಯಿಂದ ಅರವತ್ತೆರಡು ಎಂದು ಸಾಧಿಸಿ ತೋರಿಸಿದ. ಬಸ್ಸಿನಲ್ಲಿ ಒಬ್ಬ ಹೆಂಗಸು ಎದ್ದು ಅವರಿಗೆ ಜಾಗ ಬಿಟ್ಟುಕೊಟ್ಟಳು. ಸಾಹೇಬರಿಗೆ ಇದು ಎಲ್ಲಕ್ಕಿಂತ ಹೆಚ್ಚು ನೋವಾಯಿತು. ಆದರೂ ಕೂತರು, ಹಿಂದಿನ ದಿನದ ಮೆಟ್ಟಿಲಿನಿಂದ ಮಂಡಿ ಹಿಡಿದುಕೊಂಡಿತ್ತು.

ಮನೆಗೆ ಬಂದರೆ ಬಾಮೈದ ಮುಖ ಊದಿಸಿಕೊಂಡು ಕೂತಿದ್ದ. ತನ್ನ ಅಕ್ಕನ ಮದುವೆ ಮಾತುಕತೆಯಲ್ಲಿ ಹುಡುಗನಿಗೂ ಹುಡುಗಿಗೂ ಆರು ವರ್ಷ ವ್ಯತ್ಯಾಸ ಎಂದು ಹೇಳಿದ್ದರು, ಈಗ ನೋಡಿದರೆ ಎಂಟು. ನಮ್ಮಪ್ಪ ಬದುಕಿದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಅವನು ನ್ಯಾಯ ಕೇಳಿದ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿ ಬಟ್ಟೆ ಮಡಿಸುತ್ತ ಕೇಳಿಸಿಕೊಂಡರು.

"ಎರಡು ವರ್ಷ ಹೆಚ್ಚು ಅಂದ್ರೆ ಬುದ್ಧಿನೂ ಎರಡು ವರ್ಷದ್ದು ಹೆಚ್ಚಿರಬೇಕಿತ್ತಲ್ಲ," ಎಂದರು. "ಅದೆಲ್ಲಿ ಹೋಯ್ತು?"

ಅದಕ್ಕೆ ದಾಖಲೆ ಇರಲಿಲ್ಲ.

ಮೂರನೇ ದಿನ ಕಚೇರಿಗೆ ಮೂಗರ್ಜಿ ಬಂತು. ಕೆಳಗೆ ಹೆಸರಿಲ್ಲ, ವಿಳಾಸವಿಲ್ಲ, ಆದರೆ ಕಾಗದ ತುಂಬ ಮೆಣಸಿನ ವಾಸನೆ. ಹೋದ ತಿಂಗಳೇ ನಿವೃತ್ತಿಯಾಗಬೇಕಿದ್ದ ಇನ್ಸ್‌ಪೆಕ್ಟರು ಸುಳ್ಳು ವಯಸ್ಸಿನ ಮೇಲೆ ಇನ್ನೂ ಕುರ್ಚಿಯಲ್ಲಿ ಕೂತಿದ್ದಾರೆ, ಅನುಮಾನವಿದ್ದರೆ ಅವರ ಕೈಯಲ್ಲಿರುವ ಗಡಿಯಾರವನ್ನೇ ಕೇಳಿ ಎಂದು ಅದರಲ್ಲಿ ಬರೆದಿತ್ತು. ಮೇಲಧಿಕಾರಿ ಸಾಹೇಬರನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ಸಾಹೇಬರ ಕಣ್ಣ ಮುಂದೆ ನೀಲಿ ಮಕಮಲ್ಲಿನ ಪೆಟ್ಟಿಗೆ ಬಂತು. ಬೀಗದ ಕೈ ಇದ್ದ ಜೇಬನ್ನು ಅವರು ಮುಟ್ಟಿ ನೋಡಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದನ್ನು ಮೇಲಧಿಕಾರಿಯೂ ಬಲ್ಲವರೇ.

ಗಡಿಯಾರಕ್ಕೆ ಎಷ್ಟು ವಯಸ್ಸು ಕೊಟ್ಟಿದ್ದೀರಿ ಎಂದು ಅವರು ಕೇಳಿದರು. ಸಾಹೇಬರು ಜೀವಮಾನದಲ್ಲಿ ಅಳತೆಯ ವಿಷಯದಲ್ಲಿ ಸುಳ್ಳಾಡಿದವರಲ್ಲ. ಐವತ್ತೆಂಟು ಎಂದರು.

"ಸರ್ವಿಸ್ ರಿಜಿಸ್ಟರ್‌ನಲ್ಲಿ?"

"ಐವತ್ತಾರು."

"ಎರಡು ಮಾಪನ ಬೇರೆ ಬೇರೆ ತೋರಿಸಿದ್ರೆ ಎರಡನ್ನೂ ಜಪ್ತಿ ಮಾಡ್ಬೇಕು ಅಂತ ಹೋದ ವರ್ಷ ವರದಿ ಬರೆದೋರು ಯಾರು?"

ಬರೆದವರು ಅವರೇ. ಕೆಳಗೆ ಗೆರೆ ಕೂಡ ಎಳೆದಿದ್ದರು. ಸಾಹೇಬರು ಮುಖ ತಿರುಗಿಸಿ ಗೋಡೆ ನೋಡಿದರು. ತಪ್ಪಿಸಿಕೊಳ್ಳಲು ನೋಡಿದ್ದಷ್ಟೇ, ಆದರೆ ಆ ಗೋಡೆಯ ಮೇಲೆ ಇಲಾಖೆಯ ಸೇವಾ ಹಿರಿತನದ ಪಟ್ಟಿ ತೂಗುಹಾಕಿತ್ತು. ಮೊದಲ ಸಾಲಿನಲ್ಲಿ ಮೇಲಧಿಕಾರಿಯ ಹೆಸರು. ನಾಲ್ಕನೇ ಸಾಲಿನಲ್ಲಿ ಇನ್ನೊಂದು ಶಾಖೆಯಲ್ಲಿದ್ದ ಅವರ ಸ್ವಂತ ತಮ್ಮನ ಹೆಸರು. ಎರಡರ ಮುಂದೆಯೂ ಹುಟ್ಟಿದ ದಿನಾಂಕ. ಅಣ್ಣನಿಗೂ ತಮ್ಮನಿಗೂ ನಾಲ್ಕೇ ತಿಂಗಳ ಅಂತರ. ಇಪ್ಪತ್ತು ವರ್ಷದಿಂದ ಎಲ್ಲರೂ ಆ ಪಟ್ಟಿಯನ್ನು ನೋಡುತ್ತಿದ್ದರು, ಯಾರೂ ಗಟ್ಟಿಯಾಗಿ ಓದಿರಲಿಲ್ಲ. ಆ ಅಣ್ಣತಮ್ಮಂದಿರ ತಾಯಿಯ ಬಗ್ಗೆ ಇಲಾಖೆಯಲ್ಲಿ ಬಹಳ ಗೌರವವಿತ್ತು.

ಸಾಹೇಬರ ಕಣ್ಣು ಎಲ್ಲಿದೆ ಎಂದು ಮೇಲಧಿಕಾರಿ ನೋಡಿದರು. ನೋಡಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಅಷ್ಟರೊಳಗೆ ಅವರ ದನಿ ಮೆತ್ತಗಾಗಿತ್ತು. ದಾಖಲೆ ಎಂದರೆ ದಾಖಲೆ, ಕೈಗಡಿಯಾರಕ್ಕೆಲ್ಲ ಕಾನೂನಿನಲ್ಲಿ ಬೆಲೆಯಿಲ್ಲ, ಮೂಗರ್ಜಿಯನ್ನು ಕಡತಕ್ಕೆ ಸೇರಿಸಬೇಕಾಗಿಯೂ ಇಲ್ಲ ಎಂದರು. ಆದರೆ ಅರ್ಜಿದಾರ ಹೆಸರು ಹಾಕಿ ಇನ್ನೊಂದು ಬರೆದರೆ ವಿಚಾರಣೆ ಮಾಡಲೇಬೇಕಾಗುತ್ತದೆ, ಆಗ ಒಬ್ಬರದೇ ಅಲ್ಲ, ಎಲ್ಲರ ಹಣೆಬರಹವೂ ಹೊರಗೆ ಬರುತ್ತದೆ ಎಂದರು.

"ಅವನು ಬರೀದ ಹಾಗೆ ನೋಡ್ಕೊಳ್ಳಿ," ಎಂದರು ಕೊನೆಗೆ. "ಹೇಗೆ ಅಂತ ನನ್ನ ಕೇಳ್ಬೇಡಿ."

ಹೇಗೆ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಮರುದಿನ ಮಧ್ಯಾಹ್ನ ದಿನಸಿ ಅಂಗಡಿಯವನೇ ತಕ್ಕಡಿಯನ್ನು ಕಂಕುಳಲ್ಲಿ ಅವುಚಿಕೊಂಡು ಕಚೇರಿಗೆ ಬಂದ. ವರ್ಷಕ್ಕೊಮ್ಮೆ ತಕ್ಕಡಿ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿಕೊಳ್ಳುವುದು ನಿಯಮ. ಅವನ ಗಡುವಿಗೆ ಇನ್ನೂ ಎರಡು ತಿಂಗಳಿತ್ತು. ನಿಯಮವನ್ನು ಇಷ್ಟು ಮುಂಚೆ ಪಾಲಿಸಿದ ವ್ಯಾಪಾರಿಯನ್ನು ಇಲಾಖೆ ಕಂಡಿರಲಿಲ್ಲ.

ಸಾಹೇಬರು ಬೀರು ತೆರೆದು ಪೆಟ್ಟಿಗೆ ತಂದರು. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ತೂಕ ಸೇರುತ್ತದೆ ಎಂದು ಬಟ್ಟೆಯಲ್ಲಿ ಹಿಡಿದು ಒಂದು ಕಿಲೋದ ಬಟ್ಟನ್ನು ತಕ್ಕಡಿಯ ಮೇಲಿಟ್ಟರು. ಕೆಂಪು ಅಂಕಿಗಳು ಕುಣಿದು ನಿಂತವು. ಒಂದು ಕಿಲೋ ಇಪ್ಪತ್ತು ಗ್ರಾಂ.

ಅವತ್ತು ಐದಿದ್ದದ್ದು ಇವತ್ತು ಇಪ್ಪತ್ತು. ಅಂದರೆ ಕಿಲೋ ಸಕ್ಕರೆ ಕೊಂಡವರಿಗೆಲ್ಲ ಇಪ್ಪತ್ತು ಗ್ರಾಂ ಖೋತಾ. ಕೊಳ್ಳುವವರಲ್ಲಿ ಸಾಹೇಬರ ಹೆಂಡತಿಯೂ ಒಬ್ಬರು, ಅವರ ಮನೆಗೆ ಹತ್ತಿರದ ಅಂಗಡಿ ಅದೇ. ಸಾಹೇಬರು ಬಟ್ಟನ್ನು ತೆಗೆದು ಮತ್ತೆ ಇಟ್ಟರು. ತಕ್ಕಡಿ ಮತ್ತೆ ಅದನ್ನೇ ಹೇಳಿತು. ಇದು ತಪ್ಪು ತೋರಿಸುತ್ತಿದೆ ಎಂದು ಅವರು ಹೇಳಿದರು.

ದಿನಸಿಯವನು ಕೈಕಟ್ಟಿ ನಿಂತಿದ್ದ. ದನಿಯಲ್ಲಿ ಪಾರ್ಕಿನ ಅದೇ ವಿನಯ.

"ತಪ್ಪಲ್ಲ ಸಾರ್," ಎಂದ. "ಇದಕ್ಕೆ ಮನೆ ಲೆಕ್ಕ ಒಂದು, ದಾಖಲೆ ಲೆಕ್ಕ ಒಂದು. ನೀವು ದಾಖಲೇಲಿ ಒಂದು ಕೇಜಿ ಅಂತ ಬರ್ಕೊಳ್ಳಿ. ನಮ್ಮಂಥೋರಿಗೆ ನೀವು ಇನ್ನೂ ಎರಡು ವರ್ಷ ಇಲ್ಲೇ ಇರ್ಬೇಕು ಸಾರ್."

ಫ್ಯಾನು ತಿರುಗುತ್ತಿತ್ತು. ಪಕ್ಕದ ಮೇಜಿನ ಗುಮಾಸ್ತ ತೆರೆದ ಕಡತದಲ್ಲಿ ಮುಖ ಹುದುಗಿಸಿಕೊಂಡು ಉಸಿರು ಬಿಗಿಹಿಡಿದಿದ್ದ. ಅವನ ದಾಖಲೆಯಲ್ಲೂ ಮೂರು ವರ್ಷ ಕಮ್ಮಿಯಿತ್ತು. ಎದ್ದು ಹೋಗಿ ಬೀಗದ ಕೈಯನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟು ಮನೆಗೆ ನಡೆದುಬಿಡಬೇಕು ಎಂದು ಸಾಹೇಬರಿಗೆ ನಿಜವಾಗಿಯೂ ಅನಿಸಿತು. ಆ ಒಂದು ನಿಮಿಷ ಅವರು ಆಸೆಪಟ್ಟದ್ದು ಸುಳ್ಳಲ್ಲ. ಆದರೆ ನಿಮಿಷ ಕಳೆದರೂ ಕುರ್ಚಿಯಿಂದ ಏಳಲಿಲ್ಲ. ಅವರ ಕೈ ತಾನಾಗಿ ಹೋಗಿ ಇಕ್ಕಳವನ್ನು ಎತ್ತಿಕೊಂಡು, ತಕ್ಕಡಿಯ ತಂತಿಗೆ ಸೀಸದ ಬಿಲ್ಲೆ ಸಿಕ್ಕಿಸಿ, ಸರ್ಕಾರದ ಮುದ್ರೆಯನ್ನು ಒತ್ತಿತು. ಮೂವತ್ತು ವರ್ಷದಲ್ಲಿ ಅವರು ಒತ್ತಿದ ಅತ್ಯಂತ ನೇರವಾದ ಮುದ್ರೆ ಅದು, ಒಂದಿಷ್ಟೂ ಓರೆಯಾಗಿರಲಿಲ್ಲ.

ಆಗ ಮಣಿಕಟ್ಟು ಗುಂಯ್ ಎಂದು ನಡುಗಿತು. ನಿಶ್ಶಬ್ದವಾಗಿದ್ದ ಕಚೇರಿಯಲ್ಲಿ ಹೆಣ್ಣುದನಿ ಹಿಂದೆಂದೂ ಇಲ್ಲದ ಉತ್ಸಾಹದಿಂದ ಮಾತಾಡಿತು:

"ನೂರ ಇಪ್ಪತ್ತೆರಡು. ಶ್ರಮದ ವ್ಯಾಯಾಮ. ಗುರಿ ತಲುಪಿದ್ದೀರಿ, ಅಭಿನಂದನೆಗಳು."

ದಿನಸಿಯವನು ಸುತ್ತಮುತ್ತ ನೋಡಿ, ಯಾರೂ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ತಕ್ಕಡಿ ಎತ್ತಿಕೊಂಡು ಹೊರಟ. ಬಾಗಿಲಲ್ಲಿ ನಿಂತು ಇನ್ನೊಂದು ನಮಸ್ಕಾರ ಮಾಡಿದ.

ಸಂಜೆ ಮನೆಯಲ್ಲಿ ಹೆಂಡತಿ ಅಂಗಡಿಯಿಂದ ತಂದ ಸಕ್ಕರೆಯನ್ನು ಡಬ್ಬಿಗೆ ಸುರಿಯುತ್ತಿದ್ದರು. ಯಾವಾಗಲೂ ತುಂಬುತ್ತಿದ್ದ ಡಬ್ಬಿ ಈ ಸಲ ತುಂಬಲಿಲ್ಲ. ಅವರು ಡಬ್ಬಿಯನ್ನು ಒಂದು ಸಲ ಅಲ್ಲಾಡಿಸಿ ಗಂಡನ ಮುಖ ನೋಡಿದರು. ಸಾಹೇಬರು ವಾಚು ಬಿಚ್ಚಿ ಮೇಜಿನ ಮೇಲಿಡುತ್ತಿದ್ದರು.

"ಇವತ್ತಾದ್ರೂ ಗುರಿ ಮುಟ್ಟಿತಾ?"

"ಮುಟ್ಟಿತು."

"ಎಷ್ಟು ದೂರ ನಡೆದ್ರಿ?"

"ಕೂತಲ್ಲೇ," ಎಂದರು ಗ್ರಾಂ ಸಾಹೇಬರು.